ಅಳಿವೆ ನೀರಿನ ಪೋಷಕಾಂಶ ಚಕ್ರ: ಸೂಳೆಕೆರೆಯಿಂದ ಅಘನಾಶಿನಿಯವರೆಗೆ

ಎಲೆ, ಹುಲ್ಲು, ಸಗಣಿ, ಸತ್ತ ಜೀವಿ ಇವೆಲ್ಲ ನೀರು ಸೇರಿ ಸೂಕ್ಷ್ಮಜೀವಿಗಳ ಕೈಯಲ್ಲಿ ಕೊಳೆತು, ಅವುಗಳಲ್ಲಿದ್ದ ಸಾರಜನಕ ಮತ್ತು ರಂಜಕ ಮತ್ತೆ ಪಾಚಿ, ಗಿಡಗಳಿಗೆ ದಕ್ಕುವ ಕ್ರಿಯೆಯನ್ನು ಪೋಷಕಾಂಶ ಚಕ್ರ ಎನ್ನುತ್ತಾರೆ. ಬಂಡೆ ಸವೆದು ಬರುವ ಸಿಲಿಕಾ ಕೂಡ ಈ ಚಕ್ರದಲ್ಲಿ ಸೇರಿದೆ. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಈ ಚಕ್ರ ಬಹಳ ಚುರುಕಾಗಿರುತ್ತದೆ. ಸಿಹಿನೀರು ಹೊತ್ತು ತಂದ ನುಣುಪು ಜೇಡಿ ಉಪ್ಪುನೀರು ತಾಗಿದೊಡನೆ ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುತ್ತದೆ, ಜೊತೆಗೆ ಸಾವಯವ ಕಣಗಳನ್ನೂ ಎಳೆದೊಯ್ಯುತ್ತದೆ. ಭರತ ಇಳಿತಗಳು ದಿನಕ್ಕೆರಡು ಬಾರಿ ಆ ಕೆಸರನ್ನು ಕದಡುತ್ತವೆ. ಈ ವಿಷಯದ ಇತಿಹಾಸವನ್ನು ಸಾಮಾನ್ಯವಾಗಿ ಕಡಲತೀರದ ಪ್ರಯೋಗಾಲಯಗಳಿಂದ ಆರಂಭಿಸುವುದು ರೂಢಿ. ಆದರೆ ಅಳಿವೆಯ ಫಲವತ್ತತೆಯನ್ನು ನಿರ್ಧರಿಸುವುದು ಅಲ್ಲಿಗೆ ಬಂದ ಪೋಷಕಾಂಶದ ಒಟ್ಟು ಮೊತ್ತ ಮಾತ್ರವಲ್ಲ. ನೀರು ಬರುವ ದಾರಿಯಲ್ಲಿ ಎಲ್ಲೆಲ್ಲಿ, ಯಾವ ಕಾಲದಲ್ಲಿ, ಎಷ್ಟು ದಿನ ನಿಲ್ಲುತ್ತದೆ, ನಿಂತಲ್ಲಿ ಇಳಿದ ಸಾರ ಮತ್ತೆ ಬಳಕೆಗೆ ಬರುತ್ತದೆಯೇ ಎಂಬುದೇ ಮುಖ್ಯ. ಕರ್ನಾಟಕದ ಕೆರೆ, ಅಣೆಕಟ್ಟು ಮತ್ತು ಅಳಿವೆಗಳನ್ನು ಒಟ್ಟಿಗೆ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ವಿಜ್ಞಾನದ ಹಾದಿ

ಬೆಳೆಗೆ ಬೇಕಾದವುಗಳಲ್ಲಿ ಯಾವುದು ತೀರ ಕಡಿಮೆ ಇದೆಯೋ ಅದೇ ಇಳುವರಿಯನ್ನು ತಡೆಯುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಲೀಬಿಗ್ 19ನೇ ಶತಮಾನದ ನಡುವಿನಲ್ಲಿ ಪ್ರಚಾರಕ್ಕೆ ತಂದ. ಹೊಲಕ್ಕೆಂದು ಹುಟ್ಟಿದ ಈ ವಿಚಾರವನ್ನು ಅದೇ ಶತಮಾನದ ಕೊನೆಯಲ್ಲಿ ಕೀಲ್ ನಗರದ ಕಾರ್ಲ್ ಬ್ರಾಂಟ್ ಕಡಲಿಗೆ ಅನ್ವಯಿಸಿ, ಸಾರಜನಕದ ಕೊರತೆ ಕಡಲ ಜೀವವನ್ನು ಮಿತಿಯಲ್ಲಿಡುತ್ತದೆ ಎಂದು ವಾದಿಸಿದ. 1934ರಲ್ಲಿ ಆಲ್‌ಫ್ರೆಡ್ ರೆಡ್‌ಫೀಲ್ಡ್ ಕಡಲ ಪ್ಲವಕಗಳ ಮೈಯಲ್ಲಿರುವ ಮೂಲವಸ್ತುಗಳ ಅನುಪಾತಕ್ಕೂ ಆಳದ ನೀರಿನಲ್ಲಿ ಕರಗಿರುವ ಅನುಪಾತಕ್ಕೂ ಹೊಂದಿಕೆ ಇದೆಯೆಂದು ತೋರಿಸಿದ. ಮುಂದೆ ಪರಿಷ್ಕೃತವಾಗಿ 106 ಇಂಗಾಲಕ್ಕೆ 16 ಸಾರಜನಕ, 1 ರಂಜಕ ಎಂದು ನೆಲೆನಿಂತ ಲೆಕ್ಕ ಇದೇ. ಅಮೆರಿಕದ ಜಾರ್ಜಿಯಾ ತೀರದ ಜವುಗು ಹುಲ್ಲುಗಾವಲಿನಲ್ಲಿ ಜಾನ್ ಟೀಲ್ 1962ರಲ್ಲಿ ಶಕ್ತಿಯ ಹರಿವನ್ನು ಲೆಕ್ಕಹಾಕಿದ. 1968ರಲ್ಲಿ ಯೂಜೀನ್ ಓಡಮ್, ಅಳಿವೆಗಳು ತಮ್ಮಲ್ಲಿ ಉಳಿದ ಸಾವಯವ ವಸ್ತುವನ್ನು ಹೊರಗಿನ ಕಡಲಿಗೆ ಉಣಿಸುತ್ತವೆ ಎಂದು ಪ್ರತಿಪಾದಿಸಿದ. ಎಲ್ಲ ಅಳಿವೆಗಳೂ ಹಾಗಲ್ಲ, ಕೆಲವು ಕಡಲಿನಿಂದಲೇ ಸಾರವನ್ನು ಒಳಗೆಳೆದುಕೊಳ್ಳುತ್ತವೆ ಎಂದು ನಂತರದ ಅಧ್ಯಯನಗಳು ತಿದ್ದಿದವು. ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯ ಬೆನ್ನಿಗೆ 1966ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಎಸ್.ಝಡ್. ಖಾಸಿಂ ಮತ್ತು ಸಂಗಡಿಗರು 1969ರಲ್ಲಿ ಕೊಚ್ಚಿ ಹಿನ್ನೀರಿನ ಸಾವಯವ ಉತ್ಪಾದನೆಯ ಲೆಕ್ಕ ಪ್ರಕಟಿಸಿದರು. ಅದೇ ವರ್ಷ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ಆರಂಭವಾಗಿ, ನೇತ್ರಾವತಿ ಗುರುಪುರ ಅಳಿವೆಯ ನೀರಿನ ಅಳತೆ ಕನ್ನಡ ನಾಡಿನೊಳಗೇ ನಡೆಯತೊಡಗಿತು. ಹೊಲದಲ್ಲಿ ಹುಟ್ಟಿದ ತತ್ತ್ವ ಕಡಲಿಗೆ ಹೋಯಿತು, ಆದರೆ ಹೊಲವನ್ನೂ ಕಡಲನ್ನೂ ಜೋಡಿಸುವ ನಡುವಿನ ನೀರಿನತ್ತ ಗಮನ ಹರಿದದ್ದು ತಡವಾಗಿ.

ಕೆರೆಬಿಳಚಿಯ ಮಗ್ಗುಲಿನ ಕೆರೆ

ಆ ನಡುವಿನ ನೀರಿಗೆ ಒಳ್ಳೆಯ ನಿದರ್ಶನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಬಳಿ ಇರುವ ಸೂಳೆಕೆರೆ, ಅಂದರೆ ಶಾಂತಿಸಾಗರ. 11–12ನೇ ಶತಮಾನದಲ್ಲಿ ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ ಇದನ್ನು ನಿರ್ಮಿಸಲಾಯಿತು. ಶಾಂತವ್ವ ಎಂಬಾಕೆ ಕಟ್ಟಿಸಿದಳೆಂಬುದು ಜನಪದರ ನಂಬಿಕೆ. ಸುಮಾರು 330 ಚದರ ಕಿಲೋಮೀಟರ್ ಜಲಾನಯನ ಪ್ರದೇಶದ ಮಳೆನೀರು ಹರಿದ್ರಾವತಿ ಹಳ್ಳದ ಮೂಲಕ ಇಲ್ಲಿಗೆ ಬಂದು, ತುಂಬಿದಾಗ ಸುಮಾರು 6,550 ಎಕರೆಯಲ್ಲಿ ಹರಡಿಕೊಳ್ಳುತ್ತದೆ. ಸಿದ್ಧನಾಲೆ, ಬಸವನಾಲೆಗಳು ನೀರನ್ನು ಗದ್ದೆ ತೋಟಗಳಿಗೆ ಒಯ್ಯುತ್ತವೆ, ಉಳಿದದ್ದು ಹರಿಹರದ ಬಳಿ ತುಂಗಭದ್ರೆಗೆ ಸೇರುತ್ತದೆ. ಮುಂಗಾರಿನ ಕೆಂಪು ನೀರು ಕೆರೆಯಂಗಳಕ್ಕೆ ಬಂದು ನಿಧಾನಿಸಿದಾಗ ಮೊದಲು ಮರಳು, ಆಮೇಲೆ ಜೇಡಿ ಕೆಳಗಿಳಿಯುತ್ತದೆ. ಜೇಡಿಯ ಕಣಕ್ಕೆ ಕಬ್ಬಿಣದ ಆಕ್ಸೈಡಿನೊಂದಿಗೆ ರಂಜಕವೂ ಕಚ್ಚಿಕೊಂಡಿರುತ್ತದೆ. ನೀರು ತಿಳಿಯಾದ ಮೇಲೆ ಬೆಳೆಯುವ ಡಯಾಟಂ ಪಾಚಿಗಳು ಕರಗಿದ ಸಿಲಿಕಾವನ್ನು ಹೀರಿ ಗಾಜಿನಂಥ ಕವಚ ಕಟ್ಟಿಕೊಳ್ಳುತ್ತವೆ, ಸತ್ತಾಗ ಕವಚದೊಡನೆ ತಳ ಸೇರುತ್ತವೆ. ಹೀಗೆ ತಳದಲ್ಲಿ ಕೂಡಿಬಂದ ಹೂಳಿನಲ್ಲಿ ಜಲಾನಯನದ ಮೇಲ್ಮಣ್ಣೂ ಅದರ ಸಾರವೂ ಇರುತ್ತದೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಆ ಹೂಳನ್ನು, ಅಂದರೆ ಕೆರೆಗೋಡನ್ನು, ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುವುದು ಬಯಲುಸೀಮೆಯ ಹಳೆಯ ಬೇಸಾಯದ ಕ್ರಮ. ಕೆರೆಗೋಡು ಬಿದ್ದ ಹೊಲ ತೇವ ಹಿಡಿದುಕೊಳ್ಳುತ್ತದೆ ಎಂದು ರೈತರು ಹೇಳುವುದರಲ್ಲಿ ಮಣ್ಣಿನ ರಸಾಯನವೇ ಅಡಗಿದೆ: ಜೇಡಿ ಮತ್ತು ಸಾವಯವ ಅಂಶ ಹೆಚ್ಚಿದಷ್ಟು ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುವ ಶಕ್ತಿ ಹೆಚ್ಚುತ್ತದೆ. ಕೆರೆ ತಡೆದದ್ದನ್ನು ಗಾಡಿ ಹಿಂದಿರುಗಿಸಿತು. ರಸಗೊಬ್ಬರ ಸುಲಭವಾಗಿ ಸಿಕ್ಕ ಮೇಲೆ ಈ ಕೆಲಸಕ್ಕೆ ಆಸಕ್ತಿ ತಗ್ಗಿತು. ಹೂಳು ಕೆರೆಯಲ್ಲೇ ಉಳಿದು ಅದರ ಹೊಟ್ಟೆಯನ್ನು ಕಿರಿದಾಗಿಸಿತು. ಹೊಲದಲ್ಲಿ ಬೆಳೆ ಬಳಸದೆ ಬಿಟ್ಟ ಯೂರಿಯಾ ಮಾತ್ರ ಕರಗಿ ನೀರಿನೊಡನೆ ಹೋಗತೊಡಗಿತು. ಚಕ್ರದ ಎರಡು ಕೊಂಡಿಗಳು ಹೀಗೆ ಒಂದೇ ಕಾಲಕ್ಕೆ ಸಡಿಲವಾದವು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಹೂಳು ತಡೆಯುವುದರಲ್ಲಿ ಕೆರೆಗೂ ಅಣೆಕಟ್ಟಿಗೂ ವ್ಯತ್ಯಾಸವೇನು? ಅಣೆಕಟ್ಟು ಹೂಳು ತಡೆದು ಅಳಿವೆಯನ್ನು ಹಸಿವಿಗೆ ದೂಡುತ್ತದೆ ಎನ್ನುವುದಾದರೆ ಅದರಲ್ಲಿ ಪೂರ್ವಿಕರ ಕೆರೆಗಳಿಗೂ ಪಾಲಿಲ್ಲವೇ? ಪಾಲಿದೆ ಎಂಬುದನ್ನು ಒಪ್ಪಲೇಬೇಕು. ಕೆರೆಯ ಏರಿ ಕೂಡ ನದಿಯ ಸಹಜ ಹರಿವಿಗೆ ಅಡ್ಡ ಬಂದದ್ದೇ. ಆದರೆ ಗಾತ್ರವೂ ಕಾಲವೂ ಬೇರೆ. ಕೆರೆ ತುಂಬಿದ ಮೇಲೆ ಕೋಡಿ ಬಿದ್ದು ಮಳೆಗಾಲದ ನೀರು ಮಳೆಗಾಲದಲ್ಲೇ ಮುಂದೆ ಹೋಗುತ್ತಿತ್ತು. ದೊಡ್ಡ ಜಲಾಶಯ ಹಲವು ಜಿಲ್ಲೆಗಳ ನೆರೆಯನ್ನು ಹಿಡಿದಿಡುತ್ತದೆ, ಅದರ ಹೂಳನ್ನು ಗಾಡಿಗೆ ತುಂಬಿ ತೀರಿಸಲಾಗದು. ಸೂಳೆಕೆರೆಯ ನೀರಿನ ಮುಂದಿನ ದಾರಿಯಲ್ಲೇ ಸಾಕ್ಷ್ಯವಿದೆ. ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ 1953ರಲ್ಲಿ ಸುಮಾರು 133 ಟಿಎಂಸಿ ಅಡಿ ಸಾಮರ್ಥ್ಯವಿತ್ತು, 2016ರ ಸಮೀಕ್ಷೆಯಲ್ಲಿ ಅದು 105.788ಕ್ಕೆ ಇಳಿದಿತ್ತು. ಅಷ್ಟು ಜಾಗವನ್ನು ತುಂಬಿದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಿಂದ ಹಿಡಿದು ಮಲೆನಾಡಿನವರೆಗಿನ ಮಣ್ಣು. ಅಲ್ಲಿಂದ ಮುಂದೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಬ್ಯಾರೇಜು. 1901ರಿಂದ 1960ರವರೆಗೆ ಕೃಷ್ಣೆ ವರ್ಷಕ್ಕೆ ಸರಾಸರಿ ಸುಮಾರು 2,000 ಟಿಎಂಸಿ ಅಡಿ ನೀರನ್ನು ಬಂಗಾಳ ಕೊಲ್ಲಿಗೆ ಒಯ್ಯುತ್ತಿತ್ತು. 2001ರ ನಂತರದ ಬರಗಾಲದ ವರ್ಷಗಳಲ್ಲಿ ಆ ಹರಿವು ಬಹುತೇಕ ನಿಂತೇಹೋಯಿತು. ಡ್ಯಾನ್ಯೂಬ್ ನದಿಯ ಅಣೆಕಟ್ಟುಗಳು ಸಿಲಿಕಾವನ್ನು ತಡೆದದ್ದರಿಂದ ಕಪ್ಪು ಸಮುದ್ರದಲ್ಲಿ ಡಯಾಟಂಗಳು ಹಿಂದೆ ಬಿದ್ದು ಬೇರೆ ಪಾಚಿಗಳು ಮೇಲುಗೈ ಪಡೆದವೆಂದು 1997ರಲ್ಲಿ ಕ್ರಿಸ್ಟೋಫ್ ಹುಂಬೋರ್ಗ್ ಮತ್ತು ಸಂಗಡಿಗರು ತೋರಿಸಿದ್ದರು. ಅಣೆಕಟ್ಟಿನ ಹಿಂದೆ ಸಿಲಿಕಾ ನಿಲ್ಲುತ್ತದೆ, ಗೊಬ್ಬರದ ಸಾರಜನಕ ದಾಟಿ ಹೋಗುತ್ತದೆ. ಮೊತ್ತ ಹೆಚ್ಚೋ ಕಡಿಮೆಯೋ ಎಂಬುದರ ಜೊತೆಗೆ ಅನುಪಾತವೇ ಕೆಡುತ್ತದೆ.

ಗಜನಿ: ಕಟ್ಟಿ ಬಿಡುವ ನೀರು

ಪಶ್ಚಿಮದ ಅಳಿವೆಗಳಲ್ಲಿ ಅಣೆಕಟ್ಟಿನ ಈ ತಡೆಗೆ ಎದುರಾದ ನಿದರ್ಶನ ದೊರೆಯುತ್ತದೆ. ಶಿರಸಿಯ ಕಡೆ ಹುಟ್ಟಿ ಸುಮಾರು 124 ಕಿಲೋಮೀಟರ್ ಹರಿದು ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯ ಅಂಚಿನಲ್ಲಿ ಗಜನಿ ಗದ್ದೆಗಳಿವೆ. ಮಣ್ಣು ಕಲ್ಲಿನ ಕಟ್ಟೆಗೆ ಅಲ್ಲಲ್ಲಿ ಜಂತ್ರಡಿ ಎಂಬ ಬಾಗಿಲು. ಅದನ್ನು ಮುಚ್ಚಿ ತೆರೆದು ಉಪ್ಪುನೀರನ್ನು ಹತೋಟಿಯಲ್ಲಿಡುತ್ತಾರೆ. ಮಳೆ ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದಾಗ ಭರತದೊಡನೆ ಸಿಗಡಿ, ಏಡಿ, ಮೀನಿನ ಮರಿಗಳು ಒಳಬರುತ್ತವೆ. ಕೊಳೆಯುವ ಹುಲ್ಲಿನ ಮೇಲೆ ಬ್ಯಾಕ್ಟೀರಿಯಾ ಮತ್ತು ಪಾಚಿಯ ಲೋಳೆಪದರ ಕಟ್ಟುತ್ತದೆ, ಮರಿಗಳಿಗೆ ಅದೇ ಮೇವು. ಕೆಸರಿನ ಮೇಲಿನ ಕೆಲವೇ ಮಿಲಿಮೀಟರ್ ಕಂದು ಬಣ್ಣದ್ದು, ಆಮ್ಲಜನಕ ಇರುವ ಪದರ. ಕೆಳಗಿನದು ಕಪ್ಪು, ಕೊಳೆತ ಮೊಟ್ಟೆಯ ವಾಸನೆಯದು. ಮೇಲೆ ಹುಟ್ಟಿದ ನೈಟ್ರೇಟು ಕೆಳಗಿಳಿದಾಗ ಒಂದು ಪಾಲು ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ. ಏಡಿಯ ಬಿಲಗಳು ಆಮ್ಲಜನಕವನ್ನು ಆಳಕ್ಕೆ ಇಳಿಸಿ ಕೊಳೆಯುವಿಕೆಯನ್ನು ಚುರುಕುಗೊಳಿಸುತ್ತವೆ. ಮುಂದಿನ ಮಳೆಗಾಲದ ಭತ್ತಕ್ಕೆ ಮೀನು ಹಕ್ಕಿಗಳ ಹಿಕ್ಕೆಯೂ ಉಳಿದ ಹುಲ್ಲಿನ ಸಾರವೂ ಗೊಬ್ಬರವಾಗುತ್ತವೆ. ಕಟ್ಟುವುದು, ಬಿಡುವುದು ಎರಡೂ ಋತುಮಾನಕ್ಕೆ ತಕ್ಕಂತೆ ನಡೆದಾಗ ಮನುಷ್ಯ ಹಾಕಿದ ತಡೆಯೇ ಚಕ್ರವನ್ನು ಬಲಪಡಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪ್ರಮಾಣ ಬೇಕಿಲ್ಲ. ಇಲ್ಲಿನ ಬಳಚು ಮುಂತಾದ ಚಿಪ್ಪುಜೀವಿಗಳು ನೀರನ್ನು ಸೋಸಿ ಸಾವಯವ ಕಣಗಳನ್ನು ತಿಂದು ಬದುಕುತ್ತವೆ. 2008ರಲ್ಲಿ ಪ್ರಕಟವಾದ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಇವುಗಳ ವಾರ್ಷಿಕ ಮೌಲ್ಯವನ್ನು ಸುಮಾರು 5.8 ಕೋಟಿ ರೂಪಾಯಿ ಎಂದು ಅಂದಾಜಿಸಿ, 2,300ಕ್ಕೂ ಹೆಚ್ಚು ಜನರಿಗೆ ಇದರಿಂದ ಕೆಲಸವಿದೆ ಎಂದಿತು. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು.

ಪಕ್ಕದ ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ಬಂತು. ವಿದ್ಯುತ್ ಉತ್ಪಾದನೆ ನೀರನ್ನು ಕುಡಿದುಬಿಡುವುದಿಲ್ಲ, ಹರಿದ ನೀರು ಹೊನ್ನಾವರಕ್ಕೆ ಬಂದೇ ಬರುತ್ತದೆ, ಹಾಗಿರುವಾಗ ಅಳಿವೆಗೆ ನಷ್ಟವೇನು ಎಂದು ಕೇಳುವವರಿದ್ದಾರೆ. ವರ್ಷದ ಒಟ್ಟು ನೀರನ್ನಷ್ಟೇ ನೋಡಿದರೆ ಪ್ರಶ್ನೆ ಸರಿಯೆನಿಸುತ್ತದೆ. ಆದರೆ ಬೇಸಿಗೆಯಲ್ಲೂ ಯಂತ್ರಗಳಿಂದ ಸಿಹಿನೀರು ಹೊರಬೀಳುತ್ತಲೇ ಇರುವುದರಿಂದ, ಉಪ್ಪು ಏರಬೇಕಾದ ತಿಂಗಳುಗಳಲ್ಲಿ ಏರುವುದಿಲ್ಲ. ಮಳೆಗಾಲದ ನೆರೆಯೊಡನೆ ಬರಬೇಕಾದ ಹೂಳು ಜಲಾಶಯದಲ್ಲಿ ಕೂರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ, ಶರಾವತಿಯಲ್ಲಿ ತಿನ್ನುವ ಚಿಪ್ಪುಜೀವಿಗಳ ಕುಸಿತಕ್ಕೆ ಲವಣಾಂಶ ಇಳಿದದ್ದನ್ನೇ ಕಾರಣವಾಗಿ ಗುರುತಿಸಿದರು. ನೆರೆಹೊರೆಯ ಎರಡು ನದಿಗಳು, ಒಂದೇ ಘಟ್ಟ, ಒಂದೇ ಮಳೆಗಾಲ. ದೊಡ್ಡ ವ್ಯತ್ಯಾಸ ನೀರು ನಿಲ್ಲುವ ಮತ್ತು ಹರಿಯುವ ಕಾಲದಲ್ಲಿದೆ.

ಕಡಲಿನ ಪಾಲು

ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಕರಾವಳಿಯ ಮೀನಿಗೆ ಅನ್ನ ಹಾಕುವುದು ನದಿಯಲ್ಲ, ಕಡಲೇ ಎಂಬ ವಾದ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಆಳದ ನೀರು ನಮ್ಮ ತೀರದ ಬಳಿ ಮೇಲೇರುತ್ತದೆ, ಅದರಲ್ಲಿ ನೈಟ್ರೇಟು ಹೇರಳ, ಆಮ್ಲಜನಕ ಕಡಿಮೆ. ಮಳೆಗಾಲದ ನಂತರದ ಬೂತಾಯಿ, ಬಂಗುಡೆಯ ಸುಗ್ಗಿಗೆ ಈ ಏರುನೀರಿನ ಕೊಡುಗೆ ದೊಡ್ಡದು ಎಂಬುದು ನಿಜ, ತೆರೆದ ಕಡಲಿನ ಲೆಕ್ಕದಲ್ಲಿ ನದಿಯ ಪಾಲು ಅದರ ಮುಂದೆ ಚಿಕ್ಕದೇ. ಆದರೆ ಗಜನಿ, ಕಾಂಡ್ಲಾವನ, ಬಳಚಿನ ದಿಬ್ಬ ಬದುಕುವುದು ನದಿ ತಂದ ಕೆಸರಿನ ಮೇಲೆ. ಇನ್ನೊಂದು ಮಾತೂ ಇದೆ. ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ, ಭಾರತದ ಪಶ್ಚಿಮ ತೀರದ ಕಡಲಿನಲ್ಲಿ ಆಮ್ಲಜನಕದ ಕೊರತೆ ತೀವ್ರವಾಗಿ ನೈಟ್ರಸ್ ಆಕ್ಸೈಡ್ ಹೆಚ್ಚಿದೆ ಎಂದು ವರದಿ ಮಾಡಿ, ನೆಲದಿಂದ ಹರಿದುಬರುವ ಗೊಬ್ಬರವೂ ಇದಕ್ಕೆ ಕಾರಣವಾಗಿರಬಹುದೆಂದು ಸೂಚಿಸಿದರು. ಸಹಜವಾಗಿಯೇ ಉಸಿರು ಕಡಿಮೆ ಇರುವ ನೀರಿಗೆ ಇನ್ನಷ್ಟು ಸಾವಯವ ಹೊರೆ ಬಿದ್ದರೆ ತಾಳಿಕೊಳ್ಳುವ ಅಂತರ ಬಹಳ ಕಡಿಮೆ. ಕಡಲಿನ ಪಾಲು ದೊಡ್ಡದು ಎಂಬುದು ನೆಲದ ಹೊಣೆಯನ್ನು ಹಗುರ ಮಾಡುವುದಿಲ್ಲ, ಹೆಚ್ಚಿಸುತ್ತದೆ.

ಒಟ್ಟಾರೆ ನೋಟ

ಪೋಷಕಾಂಶವನ್ನು ಮಾಲಿನ್ಯವೆಂದೇ ಎಣಿಸಿ ಕಡಿಮೆ ಮಾಡುವ ಮಾತು ಈಚಿನ ದಶಕಗಳಲ್ಲಿ ಹೆಚ್ಚು ಕೇಳಿಬಂದಿದೆ. 1995ರಲ್ಲಿ ಸ್ಕಾಟ್ ನಿಕ್ಸನ್ ಕೊಟ್ಟ ವ್ಯಾಖ್ಯೆ ಇನ್ನೂ ಸಮತೋಲದ್ದು: ನೀರಿಗೆ ಸಾವಯವ ವಸ್ತು ಪೂರೈಕೆಯಾಗುವ ವೇಗ ಹೆಚ್ಚುವುದೇ ಅತಿಪೋಷಣೆ. ವೇಗ ಎಂದೊಡನೆ ಕಾಲದ ಪ್ರಶ್ನೆ ಬರುತ್ತದೆ. ಅದೇ ರಂಜಕ ಕೆರೆಗೋಡಾಗಿ ತೋಟಕ್ಕೆ ಹೋದರೆ ಬೆಳೆ, ಕರಗಿ ನಿಂತ ನೀರಿಗೆ ಒಮ್ಮೆಲೇ ಬಿದ್ದರೆ ಹಸಿರು ಪಾಚಿ. ಆದ್ದರಿಂದ ಕೆರೆಯ ಹೂಳೆತ್ತುವುದನ್ನು ನೀರು ಸಂಗ್ರಹದ ಕಾಮಗಾರಿಯೆಂದಷ್ಟೇ ಕಂಡು, ತೆಗೆದ ಮಣ್ಣನ್ನು ಎಲ್ಲೆಂದರಲ್ಲಿ ಸುರಿಯುವುದು ಅರ್ಧ ಕೆಲಸ. ಮಣ್ಣು ಪರೀಕ್ಷಿಸಿ ಹೊಲಕ್ಕೆ ಮುಟ್ಟಿಸಿ, ಅಷ್ಟರಮಟ್ಟಿಗೆ ರಸಗೊಬ್ಬರ ತಗ್ಗಿಸಿದಾಗಲೇ ಅದು ಪೂರ್ಣವಾಗುತ್ತದೆ. ಜಲಾಶಯದಿಂದ ನೀರು ಬಿಡುವ ವೇಳಾಪಟ್ಟಿಯಲ್ಲಿ ಅಳಿವೆಯ ಋತುಮಾನಕ್ಕೂ ಸ್ಥಾನ ಬೇಕು. ಗಜನಿಯ ಕಟ್ಟೆ, ಜಂತ್ರಡಿಗಳ ದುರಸ್ತಿಯನ್ನು ಭತ್ತದ ಇಳುವರಿಯಿಂದಷ್ಟೇ ಅಳೆಯದೆ ಮೀನು, ಚಿಪ್ಪಿನ ಆದಾಯವನ್ನೂ ಸೇರಿಸಿ ಲೆಕ್ಕಹಾಕಬೇಕು. ಸೂಳೆಕೆರೆಯ ನೀರು ಪೂರ್ವಕ್ಕೆ, ಅಘನಾಶಿನಿಯದು ಪಶ್ಚಿಮಕ್ಕೆ ಹೋದರೂ ಎರಡರ ಇತಿಹಾಸ ಹೇಳುವುದು ಒಂದನ್ನೇ: ಕೃಷಿ, ನೀರಾವರಿ, ವಿದ್ಯುತ್, ಮೀನುಗಾರಿಕೆ ಇಲಾಖೆಗಳು ತಮ್ಮ ತಮ್ಮ ತುಣುಕನ್ನಷ್ಟೇ ಅಳೆಯುತ್ತಿರುವವರೆಗೆ ಈ ಚಕ್ರ ಎಲ್ಲಿ ಕಡಿದಿದೆ ಎಂಬುದು ಯಾರ ಕಡತದಲ್ಲೂ ಕಾಣುವುದಿಲ್ಲ. ನದಿಯ ತಲೆಯಿಂದ ಅಳಿವೆಯವರೆಗೆ ಒಂದೇ ಲೆಕ್ಕ ಇಡುವುದು ಈ ವಿಜ್ಞಾನದ ಮುಂದಿನ ಹೆಜ್ಜೆಯಾಗಬೇಕು.