ಪಾಳಣಾಘರದ ಕಾಕು

1990ರ ದೀಪಾವಳಿಗೆ ಮುಂಬಯಿಯಿಂದ ಊರಿಗೆ, ಗದಗಿಗೆ, ಹೋಗಿದ್ದೆವು. ಮಗಳಿಗೆ ಆಗಷ್ಟೇ ಎರಡು ತುಂಬಿತ್ತು. ಅಜ್ಜಿ ಎತ್ತಿಕೊಳ್ಳಲು ಕೈ ಚಾಚಿದರೆ ಹಿಂದೆ ಸರಿದು "ನಕೋ" ಎಂದಳು. ಬಾಯಾರಿದಾಗ "ಪಾಣೀ ದೇ" ಎಂದಳು. ನಮ್ಮವ್ವ ನೀರು ಕೊಟ್ಟಳು, ಆದರೆ ಮುಖ ಸಣ್ಣದಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ಅಂದೇಬಿಟ್ಟಳು: "ಏನಪಾ, ಕೂಸಿಗೆ ನಮ್ಮ ಮಾತೇ ಬರಂಗಿಲ್ಲಲ್ಲ. ರೊಕ್ಕಾ ಕೊಟ್ಟು ಮಂದಿ ಮನ್ಯಾಗ ಬೆಳಸಿದ್ರ ಇನ್ನೇನಾಗತೈತಿ?"

ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ. ಆದರೆ ಕೇಳುವುದಕ್ಕೆ ಅವ್ವ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎಂ.ಕಾಂ. ಮುಗಿಸಿ 1982ರಲ್ಲಿ ಬ್ಯಾಂಕು ಸೇರಿದವನು ನಾನು. 1987ರಲ್ಲಿ ಮುಂಬಯಿಗೆ ವರ್ಗವಾಯಿತು. ಹೆಂಡತಿಗೂ ಅಲ್ಲಿಯೇ ಸರಕಾರಿ ಕಚೇರಿಯೊಂದರಲ್ಲಿ ಕೆಲಸ. ನಗರದೊಳಗೆ ಬಾಡಿಗೆ ಕೈಗೆಟುಕದೆ ನಮ್ಮಂಥವರು ಮನೆ ಮಾಡುತ್ತಿದ್ದುದು ಡೊಂಬಿವಲಿಯಲ್ಲಿ. ಬೆಳಿಗ್ಗೆ ಎಂಟರೊಳಗೆ ಲೋಕಲ್ ಹಿಡಿದರೆ ಮತ್ತೆ ಮನೆ ಸೇರುವುದು ಸಂಜೆ ಏಳೂವರೆಗೆ. ಮಗಳು ಹುಟ್ಟಿ ಮೂರು ತಿಂಗಳಿಗೆ ಹೆಂಡತಿಯ ರಜೆ ಮುಗಿಯಿತು. ಅಪ್ಪನ ಕಾಯಿಲೆಯಿಂದಾಗಿ ಅವ್ವ ಊರು ಬಿಟ್ಟು ಬರುವಂತಿರಲಿಲ್ಲ. ಅತ್ತೆಯವರು ಬಂದು ಎರಡು ತಿಂಗಳಿದ್ದರು. ಅಲ್ಲಿನ ಹವೆ ಒಗ್ಗದೆ, ಉಬ್ಬಸ ಹೆಚ್ಚಾಗಿ ತಿರುಗಿ ಹೋದರು. ಆಗ ಕಣ್ಣಿಗೆ ಬಿದ್ದದ್ದು ಪಕ್ಕದ ಕಟ್ಟಡದ ನೆಲಮಾಳಿಗೆಯ ಬಾಗಿಲಿಗೆ ತೂಗಿದ ಒಂದು ತಗಡಿನ ಫಲಕ: 'ಪಾಳಣಾಘರ'. ಮರಾಠಿಯಲ್ಲಿ ಪಾಳಣಾ ಎಂದರೆ ತೊಟ್ಟಿಲು. ತೊಟ್ಟಿಲಮನೆ ಅನ್ನಿ.

ಒಂದು ಕೋಣೆ, ಒಂದು ಅಡಿಗೆಮನೆ. ಎಂಟು ಮಕ್ಕಳು. ನಡೆಸುತ್ತಿದ್ದಾಕೆಗೆ ನಲವತ್ತರ ಆಸುಪಾಸು. ಎಲ್ಲರಿಗೂ ಆಕೆ ಕಾಕು. ತಿಂಗಳಿಗೆ ನೂರೈವತ್ತು ರೂಪಾಯಿ, ಹಾಲು ಮತ್ತು ಊಟದ ಡಬ್ಬಿ ನಮ್ಮದು. ಮೊದಲ ದಿನ ಮಗುವನ್ನು ಬಿಟ್ಟು ಹೊರಟಾಗ ಹೆಂಡತಿ ಸ್ಟೇಶನ್ನಿನವರೆಗೂ ಅತ್ತಳು. ನಾನು ಗಡಿಯಾರ ನೋಡುತ್ತಾ ನಡೆದೆ.

ಕಾಕು ಈ ಕೆಲಸಕ್ಕೆ ಬಂದ ಕಥೆ ತಿಳಿದದ್ದು ನಿಧಾನವಾಗಿ. ಗಂಡ ಪರೇಲಿನ ಬಟ್ಟೆ ಮಿಲ್ಲಿನಲ್ಲಿ ನೇಯುವವರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ ಕಾರ್ಮಿಕರು ಮುಷ್ಕರ ಹೂಡಿದರಲ್ಲ, ಅದರಲ್ಲಿ ಇವರೂ ಒಬ್ಬರು. ಮುಷ್ಕರ ವರ್ಷ ದಾಟಿತು, ಸಾವಿರಾರು ಜನರಿಗೆ ಕೆಲಸ ಮರಳಿ ಸಿಗಲೇ ಇಲ್ಲ. ಇವರಿಗೂ ಸಿಗಲಿಲ್ಲ. ಚಾಳಿನ ಖೋಲಿ ಬಿಟ್ಟು ಡೊಂಬಿವಲಿಗೆ ಬಂದರು. ಅಕ್ಕಪಕ್ಕದ ಹೆಂಗಸರು ಹಪ್ಪಳ ಒತ್ತಿದರು, ಡಬ್ಬಿ ಊಟ ಮಾಡಿಕೊಟ್ಟರು. ಕಾಕು ಮಕ್ಕಳನ್ನು ನೋಡಿಕೊಂಡರು. ನಾನು ಬ್ಯಾಂಕು ಸೇರಿದ ವರ್ಷವೇ ಅವರ ಮನೆಯ ಸಂಬಳ ನಿಂತಿತ್ತು.

"ನಾನೇ ಪಾಳಣಾಘರದ ಕೂಸು" ಎಂದು ಒಮ್ಮೆ ನಕ್ಕರು. ಅವರ ತಾಯಿ ಮಿಲ್ಲಿನಲ್ಲಿ ನೂಲು ಸುತ್ತುವ ಖಾತೆಯಲ್ಲಿದ್ದರು. ಮಗಳನ್ನು ಮಿಲ್ಲಿನ ಶಿಶುಕೋಣೆಯಲ್ಲಿ ಬಿಟ್ಟು ಮಗ್ಗದ ಕಡೆ ಹೋಗುತ್ತಿದ್ದರು.

ಆ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. 1920ರ ದಶಕದಲ್ಲಿ ಮುಂಬಯಿಯ ಮಿಲ್ ಹೆಂಗಸರು ಎಳೆಗೂಸಿಗೆ ಚೂರು ಅಫೀಮು ತಿನ್ನಿಸಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದುದು ಅಂದಿನ ವಿಚಾರಣೆಗಳಲ್ಲೇ ದಾಖಲಾಗಿದೆ. ಅವರು ಕ್ರೂರಿಗಳಾಗಿರಲಿಲ್ಲ. ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದವರು. ಮಗುವನ್ನು ಆಡಿಸುವ ಅಜ್ಜಿ ಊರಲ್ಲಿ, ಹೊಟ್ಟೆಪಾಡು ಮುಂಬಯಿಯಲ್ಲಿ. 1948ರ ಫ್ಯಾಕ್ಟರಿ ಕಾಯಿದೆ ಬಂದು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಶಿಶುಕೋಣೆ ಇಡಲೇಬೇಕೆಂದಿತು. 1976ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. ಅಷ್ಟರಲ್ಲಿ ಮುಂಬಯಿಯ ಮಿಲ್ಲುಗಳಲ್ಲಿ ಹೆಂಗಸರ ಸಂಖ್ಯೆಯೇ ಕರಗುತ್ತಾ ಬಂದಿತ್ತು. ಕಾಯಿದೆ ಬೆಳೆಯಿತು, ಅದರ ನೆರಳು ಸಿಗಬೇಕಾದವರು ಕಡಿಮೆಯಾದರು.

ಮಕ್ಕಳನ್ನು ಬರೇ ನೋಡಿಕೊಂಡರೆ ಸಾಲದು, ಆ ವಯಸ್ಸಿನಲ್ಲೇ ಕಲಿಕೆ ಮೊದಲಾಗುತ್ತದೆ ಎಂದು ಹೇಳಿದವರು ಬೇರೆಯವರು. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಮೀಸೆಯ ಆ ಮನುಷ್ಯನನ್ನು ಜನ 'ಮೀಸೆ ಇರುವ ಅಮ್ಮ' ಎಂದೇ ಕರೆದರಂತೆ. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬಯಿಗೆ ಉತ್ತರದ ಕಡಲತೀರದ ಬೋರ್ಡಿ ಎಂಬ ಹಳ್ಳಿಗೆ ಹೋದರು. ಅನುತಾಯಿ ವಾಘ್ ಅವರ ಜೊತೆಗೂಡಿದರು. ಮಾಂಟೆಸೊರಿಯ ಸಲಕರಣೆಗಳು ಬಡವರ ಹಳ್ಳಿಗೆ ಎಲ್ಲಿಂದ ಬರಬೇಕು? ಕಪ್ಪೆಚಿಪ್ಪು, ಹುಣಿಸೆಬೀಜ, ಎಲೆ, ಕಲ್ಲು ಇವನ್ನೇ ಪಾಠದ ಸಾಮಾನು ಮಾಡಿಕೊಂಡರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಅದರಿಂದಲೇ 'ಅಂಗನವಾಡಿ' ಎಂಬ ಹೆಸರು ಬಂತೆನ್ನುತ್ತಾರೆ. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರದ ಮಕ್ಕಳ ಯೋಜನೆ 33 ಕಡೆ ಶುರುವಾಯಿತು. ಅದರಲ್ಲಿ ಒಂದು ನಮ್ಮ ತಿ.ನರಸೀಪುರ. ಇಂದು ನಿಮ್ಮೂರಿನ ಅಂಗನವಾಡಿಗೂ ಬೋರ್ಡಿಯ ಆ ಅಂಗಳಕ್ಕೂ ನಂಟಿದೆ.

ಕಾಕು ತಾರಾಬಾಯಿಯವರ ಹೆಸರು ಕೇಳಿದ್ದರು, ಪುಸ್ತಕ ಓದಿರಲಿಲ್ಲ. ಆದರೆ ಅವರ ಮನೆಯಲ್ಲಿ ನಡೆಯುತ್ತಿದ್ದುದು ಅದೇ. ಮೊರದಲ್ಲಿ ಅವರೆ, ಹೆಸರು, ಕಡಲೆ ಬೆರೆಸಿ ಮಕ್ಕಳ ಮುಂದಿಡುತ್ತಿದ್ದರು. ಬೇರೆ ಬೇರೆ ಬಟ್ಟಲಿಗೆ ಆರಿಸಿ ಹಾಕಬೇಕು. ಮೆಟ್ಟಿಲು ಹತ್ತುವಾಗ ಎಣಿಸಬೇಕು. ಒರೆಸುವ ಬಟ್ಟೆ ತಾವೇ ಮಡಿಚಬೇಕು. ಅಳುವ ಮಗುವಿನ ಪಕ್ಕ ಒಬ್ಬರು ಹೋಗಿ ಕೂಡಬೇಕು. ಈ ಕೊನೆಯ ಪಾಠ ಯಾವ ಶಾಲೆಯಲ್ಲೂ ನಾನು ಕಂಡಿಲ್ಲ.

ಮತ್ತೆ ಆ ದೀಪಾವಳಿಗೆ ಬರೋಣ. ಊರಿಂದ ಹಿಂದಿರುಗಿದ ಮೇಲೆ ಹೆಂಡತಿ ತಡೆಯಲಾರದೆ ಅವ್ವನ ಮಾತನ್ನು ಕಾಕುವಿಗೆ ಹೇಳಿಬಿಟ್ಟಳು. ಆಕೆ ಸಿಟ್ಟಾಗಲಿಲ್ಲ. ಗೂಡಿನಿಂದ ಒಂದು ವಹಿ ತೆಗೆದರು. ಒಂದೊಂದು ಮಗುವಿಗೆ ಒಂದೊಂದು ಪುಟ. ಗುಜರಾತಿ ಮಗು, ಮಲಯಾಳಿ ಮಗು, ನಮ್ಮದು. ನಮ್ಮ ಮಗಳ ಪುಟದಲ್ಲಿ ದೇವನಾಗರಿಯಲ್ಲಿ ಬರೆದಿದ್ದರು: ನೀರು, ಊಟ, ನಿದ್ದಿ, ಹೊಟ್ಟಿ ಬ್ಯಾನಿ, ಅವ್ವ. ಮೊದಮೊದಲು ನನ್ನ ಹೆಂಡತಿ ಮಗುವನ್ನು ಬಿಡುವಾಗ ಆಡುತ್ತಿದ್ದ ಮಾತುಗಳನ್ನು ಕಿವಿಯಲ್ಲಿ ಹಿಡಿದು ಬರೆದಿಟ್ಟುಕೊಂಡದ್ದು. "ಮಗು ನೋವಾದಾಗ ತಾಯಿಯ ಮಾತಲ್ಲೇ ಅಳುತ್ತೆ. ನನಗೆ ಗೊತ್ತಿರಬೇಡವೇ?" ಎಂದರು.

ನಾಚಿಕೆಯಾದದ್ದು ನಮಗೆ. ಮನೆಗೆ ಬಂದು ಸುಸ್ತಾಗಿ ಟಿ.ವಿ. ಮುಂದೆ ಕೂಡುತ್ತಿದ್ದವರು ನಾವು. ಮಗುವಿಗೆ ಕನ್ನಡ ತಪ್ಪಿಸಿದ್ದು ಕಾಕು ಅಲ್ಲ. ಅಂದಿನಿಂದ ರಾತ್ರಿ ಒಂದು ತಾಸು ಮಗಳ ಜೊತೆ ಕನ್ನಡ ಮಾತು ಎಂದು ನಿಯಮ ಮಾಡಿಕೊಂಡೆವು.

ಈಗ ಬರೆಯಲು ಕಷ್ಟವಾದ ಸಂಗತಿ. 1992ರಲ್ಲಿ ಕಾಕು ಒಂದು ಸಂಜೆ ಮನೆಗೆ ಬಂದರು. ಪಕ್ಕದ ಖೋಲಿ ಖಾಲಿಯಾಗಿತ್ತು. ಡಿಪಾಸಿಟ್ಟಿಗೆ, ಚಾಪೆ ಪಾತ್ರೆಗಳಿಗೆ ಆರು ಸಾವಿರ ಬೇಕು. "ಭಾವೂ, ನಿಮ್ಮ ಬ್ಯಾಂಕಿನಿಂದ ಆಗುತ್ತದೆಯೇ?" ನಾನಾಗ ಸಾಲದ ವಿಭಾಗದಲ್ಲೇ ಇದ್ದೆ. ಜಾಮೀನಿಲ್ಲ, ಲೆಕ್ಕಪತ್ರವಿಲ್ಲ, ಪಾಳಣಾಘರ ಯಾವ ಉದ್ಯೋಗದ ಪಟ್ಟಿಗೆ ಸೇರುತ್ತದೆ ಎಂದೆಲ್ಲ ಹೇಳಿ "ಕಷ್ಟ, ಕಾಕು" ಎಂದೆ. ಬಡವರಿಗೆ ಶೇಕಡಾ 4ರ ಬಡ್ಡಿಯ ಸಾಲದ ಯೋಜನೆ 1972ರಿಂದಲೇ ಇತ್ತು. ಸಣ್ಣವರಿಗೆ ಸಾಲ ಸಿಗಲೆಂದೇ 1969ರಲ್ಲಿ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದರು. ಹುಡುಕಿದ್ದರೆ ದಾರಿ ಸಿಗುತ್ತಿತ್ತೇನೋ. ಅರ್ಜಿಯನ್ನಾದರೂ ಬರೆಸಬಹುದಿತ್ತು. ಪರಿಚಯದವರಿಗೆ ಸಾಲ ಕೊಡಿಸಿದ ಎಂದು ಯಾರಾದರೂ ಆಡಿಕೊಂಡಾರು ಎಂಬ ಅಂಜಿಕೆ. ಕಾಕು ಚಹಾ ಕುಡಿದು ಎದ್ದರು. ಮರುದಿನ ಬೆಳಿಗ್ಗೆ ಮಗಳನ್ನು ಎಂದಿನಂತೆಯೇ ಎತ್ತಿಕೊಂಡರು.

ನಾಲ್ಕಾರು ವರ್ಷದ ಮೇಲೆ, ಬ್ಯಾಂಕು ಸಾಲ ಕೊಟ್ಟಿದ್ದ ಒಂದು ಕಟ್ಟಡದ ಕೆಲಸ ನೋಡಲು ಹೋಗಿದ್ದೆ. ಮರಳಿನ ರಾಶಿಯ ಪಕ್ಕ ಸೀರೆಯ ಜೋಳಿಗೆಯಲ್ಲಿ ಕೂಸು. ತಲೆಯ ಮೇಲೆ ಬುಟ್ಟಿ ಹೊತ್ತ ತಾಯಿ ದೂರದಿಂದಲೇ "ಅಳಬ್ಯಾಡೋ ನನ್ನಪ್ಪ, ಬಂದ್ನಿ" ಎಂದು ಕೂಗಿದಳು. ಬಿಜಾಪುರದ ಕಡೆಯವಳು. ಇಂಥ ಮಕ್ಕಳಿಗಾಗಿಯೇ ಮೀರಾ ಮಹಾದೇವನ್ 1969ರಲ್ಲಿ ದಿಲ್ಲಿಯಲ್ಲಿ ಮೊಬೈಲ್ ಕ್ರೆಷ್ ಶುರುಮಾಡಿದ್ದರು. 1972ರಲ್ಲಿ ಅದು ಮುಂಬಯಿಗೂ ಬಂದಿತ್ತು. ಕಟ್ಟಡ ಕಾರ್ಮಿಕರ ಕಾಯಿದೆಯಲ್ಲಿ ಶಿಶುಕೋಣೆಯ ಮಾತು ಸೇರಿದ್ದು 1996ರಲ್ಲಿ. ಆ ಕಟ್ಟಡದಲ್ಲಿ ಅಂಥದೇನೂ ಇರಲಿಲ್ಲ. ನನ್ನ ವರದಿಯಲ್ಲಿ ಸಿಮೆಂಟು, ಕಬ್ಬಿಣ, ಎಷ್ಟು ಮಹಡಿ ಎದ್ದಿದೆ ಎಂಬುದಕ್ಕೆ ಅಂಕಣಗಳಿದ್ದವು. ಜೋಳಿಗೆಗೆ ಇರಲಿಲ್ಲ. ಕಾಕುವಿನ ಅರ್ಜಿ ನೆನಪಾಯಿತು.

ಕಾಕು 1999ರಲ್ಲಿ ಪಾಳಣಾಘರ ಮುಚ್ಚಿ ಗಂಡನ ಜೊತೆ ರತ್ನಾಗಿರಿ ಕಡೆಯ ಹಳ್ಳಿಗೆ ಹೋದರು. ಎರಡನೆಯ ಖೋಲಿ ಕೊನೆಗೂ ಆಗಲಿಲ್ಲ. ನನ್ನ ಮಗಳು ಈಗ ಪುಣೆಯಲ್ಲಿದ್ದಾಳೆ. 2018ರಲ್ಲಿ ಅವಳಿಗೆ ಮಗನಾದ. ಹಿಂದಿನ ವರ್ಷವಷ್ಟೇ ಕಾಯಿದೆ ತಿದ್ದಿ ಹೆರಿಗೆ ರಜೆಯನ್ನು 26 ವಾರ ಮಾಡಿ, ಐವತ್ತು ಜನರಿರುವ ಕಚೇರಿಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿದ್ದರು. ಅವಳ ಕಚೇರಿಯಲ್ಲಿ ಅಂಥ ಕೇಂದ್ರವಿತ್ತು. ಬಣ್ಣದ ಗೋಡೆ, ಮೆತ್ತನೆಯ ನೆಲ, ಮಗು ಏನು ಮಾಡುತ್ತಿದೆ ಎಂದು ಮೊಬೈಲಿನಲ್ಲೇ ನೋಡಬಹುದು.

ಸೇರಿಸಲು ಹೋದ ದಿನ ನಾನೂ ಜೊತೆಗಿದ್ದೆ. ನಾಲ್ಕು ಪುಟದ ಅರ್ಜಿ. ಯಾವ ಲಸಿಕೆ, ಯಾವ ಅಲರ್ಜಿ, ಯಾರು ಬಂದು ಕರೆದೊಯ್ಯಬಹುದು ಎಲ್ಲ ಕೇಳಿದ್ದರು. ಮಾತೃಭಾಷೆ ಎಂಬಲ್ಲಿ ಮಗಳು 'ಕನ್ನಡ' ಎಂದು ತುಂಬಿದಳು. ಆಮೇಲೆ ಹಾಳೆ ತಿರುವಿ, ಹಿಂಬದಿಯ ಖಾಲಿ ಜಾಗದಲ್ಲಿ ದೇವನಾಗರಿಯಲ್ಲಿ ಬರೆಯತೊಡಗಿದಳು: ನೀರು, ಊಟ, ನಿದ್ದಿ, ಹೊಟ್ಟಿ ಬ್ಯಾನಿ, ಅವ್ವ.