ಸ್ಕ್ಯಾನ್‌ನಲ್ಲಿ ಕಂಡ ಚುಕ್ಕೆ: ಮರುಕಳಿಸಿದ ಕ್ಯಾನ್ಸರೇ?

ಚಿಕಿತ್ಸೆ ಮುಗಿಸಿದ ಕ್ಯಾನ್ಸರ್ ರೋಗಿಗಳು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳಿಂದ ಬೆಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಚಿತ್ರದಲ್ಲಿ ಹೊಳೆಯುವ ಒಂದು ಚುಕ್ಕೆ ಕಂಡರೆ ಸಾಕು, ‘ಮತ್ತೆ ಬಂತು’ ಎಂದು ಮನೆಯವರು ಕಂಗಾಲಾಗುತ್ತಾರೆ. ಆ ಚುಕ್ಕೆ ಹೇಳುವುದೇನು ಎಂಬುದನ್ನು ಅರಿಯಲು ಇಂಥ ಚಿತ್ರಗಳು ಹುಟ್ಟಿದ ಬಗೆಯನ್ನು ನೋಡಬೇಕು.

ಅವುಗಳ ಒಂದು ಬೇರು ರೇಡಿಯೋ ಖಗೋಳ ವಿಜ್ಞಾನದಲ್ಲಿದೆ. ಗೌರಿಬಿದನೂರಿನ ಬಳಿ 1976ರಲ್ಲಿ ಕೆಲಸ ಆರಂಭಿಸಿದ ರೇಡಿಯೋ ದೂರದರ್ಶಕದಲ್ಲಿ 1000 ಆಂಟೆನಾಗಳನ್ನು ‘ಟಿ’ ಆಕಾರದಲ್ಲಿ ಜೋಡಿಸಲಾಗಿತ್ತು. ಒಂಟಿ ಆಂಟೆನಾಕ್ಕೆ ಆಕಾಶದ ಚಿತ್ರ ದಕ್ಕದು. ಎಲ್ಲದರ ಸಂಕೇತಗಳನ್ನು ಗಣಿತದಿಂದ ಹೆಣೆದಾಗ ಚಿತ್ರ ಮೂಡುತ್ತದೆ. ಬಿಡಿ ಅಳತೆಗಳಿಂದ ಇಡೀ ಚಿತ್ರವನ್ನು ಪಡೆಯುವ ವಿಧಾನವೊಂದನ್ನು ರೊನಾಲ್ಡ್ ಬ್ರೇಸ್‌ವೆಲ್ 1956ರಲ್ಲಿಯೇ ರೇಡಿಯೋ ಆಕಾಶಕ್ಕಾಗಿ ರೂಪಿಸಿದ್ದರು. 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಎಕ್ಸ್-ಕಿರಣ ಚಿತ್ರಗಳಿಂದ ಒಳರಚನೆಯನ್ನು ಮರುರೂಪಿಸುವ ಸರಳ, ವೇಗದ ಗಣಿತವನ್ನು ನೀಡಿದರು. ಅವರ ಸೋಸುಕ ‘ರಾಮ್-ಲ್ಯಾಕ್’ ಎಂಬ ಹೆಸರಿನಲ್ಲಿ ಪಠ್ಯಗಳಲ್ಲಿ ಉಳಿದಿದೆ. ಸಿ.ಟಿ.ಗಾಗಿ 1979ರ ನೊಬೆಲ್ ಬಹುಮಾನ ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡ್ ಅವರಿಗೆ ಸಂದಿತು. ನಾವಾದರೋ ರಾಮಚಂದ್ರನ್ ಅವರನ್ನು ಕೊಲಾಜೆನ್‌ಗಾಗಿ ಮಾತ್ರ ನೆನೆಯುತ್ತೇವೆ!

ಪೆಟ್ ವಿಧಾನದಲ್ಲಿ ಫ್ಲೋರಿನ್-18 ಸೇರಿಸಿದ, ಗ್ಲೂಕೋಸನ್ನು ಹೋಲುವ ವಸ್ತುವನ್ನು ರಕ್ತಕ್ಕೆ ಚುಚ್ಚುತ್ತಾರೆ. ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಅದು ಸೂಸುವ ಪಾಸಿಟ್ರಾನ್ ಎಲೆಕ್ಟ್ರಾನನ್ನು ಸಂಧಿಸಿ ಇಲ್ಲವಾದಾಗ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಲ್ಲಿ ಹೊರಡುತ್ತವೆ. ಅವನ್ನು ಹಿಡಿದು, ಆ ವಸ್ತು ಎಲ್ಲಿ ಸಂಗ್ರಹವಾಗಿದೆಯೆಂದು ಲೆಕ್ಕ ಹಾಕಲಾಗುತ್ತದೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚು ಬಳಸುತ್ತವೆಂದು ಆಟೋ ವಾರ್ಬರ್ಗ್ 1920ರ ದಶಕದಲ್ಲಿ ಕಂಡುಕೊಂಡಿದ್ದರು.

ಆದ್ದರಿಂದ ಚುಕ್ಕೆ ಸಾಮಾನ್ಯವಾಗಿ ಸುಳ್ಳಲ್ಲ, ಗಣಿತವೂ ತಪ್ಪಿಲ್ಲ. ಅಲ್ಲಿ ಗ್ಲೂಕೋಸಿನ ಬಳಕೆ ಹೆಚ್ಚಿರುವುದು ನಿಜ. ಅದನ್ನೇ ಕ್ಯಾನ್ಸರ್ ಎಂದು ಓದಿದಾಗ ತಪ್ಪಾಗುತ್ತದೆ. 1992ರಲ್ಲಿ ಜಪಾನಿನ ಕುಬೋಟಾ ಮತ್ತು ಸಂಗಡಿಗರು, ಇಲಿಗಳ ಗಂತಿಗಳಲ್ಲಿ ಈ ವಸ್ತುವು ಕ್ಯಾನ್ಸರ್ ಕೋಶಗಳಷ್ಟೇ ಅಲ್ಲ, ಸುತ್ತಲಿನ ಭಕ್ಷಕ ಕೋಶಗಳಲ್ಲೂ ದಟ್ಟವಾಗಿ ಸೇರುತ್ತದೆಂದು ತೋರಿಸಿದರು. ಕ್ಷಯದ ಗಂಟುಗಳಲ್ಲೂ ಇಂಥ ಕೋಶಗಳಿವೆ. ಕ್ಷಯ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ಮಕ್ಕಳಲ್ಲಿ ಇನ್ನೊಂದು ಸೋಜಿಗವಿದೆ. ಕೀಮೋಥೆರಪಿಯಿಂದ ಕುಗ್ಗಿದ ಥೈಮಸ್ ಗ್ರಂಥಿ ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿಯೇ. ಎದೆಗೂಡಿನಲ್ಲಿ ಹೊಳೆಯುವ ಈ ನಿರುಪದ್ರವಿ ಬೆಳವಣಿಗೆ ಮರಳಿದ ಲಿಂಫೋಮಾದಂತೆ ಕಾಣಬಹುದು. ಅನುಭವಿ ವೈದ್ಯರು ಅದರ ಆಕಾರ ನೋಡಿ ಗುರುತಿಸುತ್ತಾರೆ, ಕೆಲಕಾಲ ಕಾದು ಮತ್ತೆ ಚಿತ್ರ ತೆಗೆಸುತ್ತಾರೆ. ಸಂದೇಹ ಉಳಿದರೆ ಸೂಜಿಯಿಂದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ಕ್ಷಯವೆಂದು ತಿಳಿದರೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ ಸಾಕು. ತಿಳಿಯದೆ ಮತ್ತೆ ಕೀಮೋಥೆರಪಿ ಕೊಟ್ಟರೆ ರೋಗನಿರೋಧಕ ಶಕ್ತಿ ಕುಗ್ಗಿ, ಕ್ಷಯವೇ ಉಲ್ಬಣಿಸುತ್ತದೆ.