ಲೆಮನ್ ಕ್ರೀಮ್ ಬಿಸ್ಕತ್ತಿನಲ್ಲಿ ಲಿಂಬೆ ಎಲ್ಲಿ?

ಎರಡು ಬಿಸ್ಕತ್ತು, ನಡುವೆ ಹುಳಿಸಿಹಿ ಕ್ರೀಮು. ಬಿಡಿಸಿ, ಮೊದಲು ಕ್ರೀಮನ್ನು ಹಲ್ಲಿನಿಂದ ಕೆರೆದು ತಿನ್ನದೆ ದೊಡ್ಡವರಾದವರು ನಮ್ಮಲ್ಲಿ ಯಾರಾದ್ರೂ ಇದ್ದೀರಾ?

ನಾನು ಸಿಂದಗಿ ಕಡೆಯವನು. ಪಕ್ಕದ ಇಂಡಿ ಅಂದರೆ ಲಿಂಬೆ, ಲಿಂಬೆ ಅಂದರೆ ಇಂಡಿ. ಆದರೆ ಅಂಗಡಿಯ ಲೆಮನ್ ಕ್ರೀಮಿನ ಹುಳಿಗೂ ಲಿಂಬೆ ಗಿಡಕ್ಕೂ ಸಾಮಾನ್ಯವಾಗಿ ಸಂಬಂಧವೇ ಇರೋದಿಲ್ಲ. ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿ. ಸಿಟ್ರಿಕ್ ಆಮ್ಲ ಅಂತಲೋ, ಬರೀ 330 ಅಂತಲೋ ಇರುತ್ತೆ. ಎರಡೂ ಒಂದೇ. ಹಾಗಾದರೆ ಹಣ್ಣು ಎಲ್ಲಿ ಕಳೆದುಹೋಯ್ತು?

1784ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಎಂಬ ರಸಾಯನ ವಿಜ್ಞಾನಿ ನಿಂಬೆರಸದ ಹುಳಿಯನ್ನು ಹರಳು ಮಾಡಿ ಬೇರ್ಪಡಿಸಿದ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಆ ಹರಳಿಗೆ ಹಣ್ಣೇ ಬೇಕಿತ್ತು. 19ನೇ ಶತಮಾನದಲ್ಲಿ ಇಟಲಿ, ಅದರಲ್ಲೂ ಸಿಸಿಲಿಯ ತೋಟಗಳು ಈ ವ್ಯಾಪಾರದಿಂದ ಬದುಕಿದವು. ರಸಕ್ಕೆ ಸುಣ್ಣ ಬೆರೆಸಿ ಗಟ್ಟಿ ಮಾಡಿ ಹಡಗಿಗೆ ಹಾಕುತ್ತಿದ್ದರು.

ಕ್ರೀಮ್ ಬಿಸ್ಕತ್ತು ಜನಪ್ರಿಯವಾಗಿದ್ದು ಈ ಕಾಲದ ಕೊನೆಯಲ್ಲಿ. 1912ರಲ್ಲಿ ಅಮೆರಿಕದಲ್ಲಿ ಓರಿಯೋ ಹುಟ್ಟಿದಾಗ ಅದರ ಎರಡು ರುಚಿಗಳಲ್ಲಿ ಒಂದು ಲಿಂಬೆಯದು! 1920ರ ದಶಕದಲ್ಲಿ ಅದನ್ನು ಕೈಬಿಟ್ಟರು.

ಅಷ್ಟರಲ್ಲಿ ಹುಳಿಯ ಲೋಕವೇ ಬದಲಾಗಿತ್ತು. 1917ರಲ್ಲಿ ಜೇಮ್ಸ್ ಕರಿ ಎಂಬಾತ, ಒಂದು ಜಾತಿಯ ಕಪ್ಪು ಬೂಷ್ಟು ಸಕ್ಕರೆ ತಿಂದು ಧಾರಾಳವಾಗಿ ಸಿಟ್ರಿಕ್ ಆಮ್ಲ ಕೊಡುತ್ತೆ ಅಂತ ತೋರಿಸಿಕೊಟ್ಟ. 1919ರಲ್ಲಿ ಫೈಜರ್ ಕಂಪನಿ ಇದೇ ದಾರಿಯಲ್ಲಿ ತಯಾರಿಕೆ ಶುರುಮಾಡಿತು. ಅಲ್ಲಿಂದ ಹುಳಿಗೆ ಗಿಡವೂ ಬೇಡ, ರೈತನೂ ಬೇಡ.

ಬಿಸ್ಕತ್ತಿನವರಿಗೆ ಪುಡಿ ಇಷ್ಟವಾಗಲು ಇನ್ನೊಂದು ಕಾರಣವೂ ಇದೆ. ಕ್ರೀಮು ಅಂದರೆ ಕೊಬ್ಬು ಮತ್ತು ಸಕ್ಕರೆ. ರಸದಲ್ಲಿ ಬಹುಪಾಲು ನೀರು. ಅದನ್ನು ಸುರಿದರೆ ಕ್ರೀಮು ಒಡೆಯುತ್ತೆ, ಬಿಸ್ಕತ್ತು ಮೆತ್ತಗಾಗುತ್ತೆ.

ಆದರೆ ನಾವು 'ಲಿಂಬೆ' ಅಂತ ಗುರುತಿಸೋದು ಹುಳಿಯನ್ನಲ್ಲ, ವಾಸನೆಯನ್ನು. ಅದು ಇರೋದು ಸಿಪ್ಪೆಯ ಎಣ್ಣೆಯಲ್ಲಿ. ಬೂಷ್ಟು ಹುಳಿ ಕೊಟ್ಟಿತು, ಈ ಘಮ ಕೊಡಲಿಲ್ಲ.

ಮನೆಯಲ್ಲಿ ನಾನು ಮಾಡೋದು ಹೀಗೆ. 100 ಗ್ರಾಂ ಬೆಣ್ಣೆ, 50 ಗ್ರಾಂ ಸಕ್ಕರೆ ಪುಡಿ, 150 ಗ್ರಾಂ ಮೈದಾ ಕಲಸಿ, ತೆಳ್ಳಗೆ ಲಟ್ಟಿಸಿ, ದುಂಡಗೆ ಕತ್ತರಿಸಿ, 170 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಬೇಯಿಸಬೇಕು. ಕ್ರೀಮಿಗೆ ಎರಡು ಲಿಂಬೆಯ ಮೇಲ್ಸಿಪ್ಪೆ ಮಾತ್ರ ತುರಿದು (ಒಳಗಿನ ಬಿಳಿ ಭಾಗ ಕಹಿ) 100 ಗ್ರಾಂ ಸಕ್ಕರೆ ಪುಡಿಯೊಂದಿಗೆ ಬೆರಳಲ್ಲಿ ಚೆನ್ನಾಗಿ ಉಜ್ಜಿ. ಆಮೇಲೆ 50 ಗ್ರಾಂ ಬೆಣ್ಣೆ, ಅರ್ಧ ಚಮಚ ರಸ. ಅಷ್ಟೇ. ಬಿಸ್ಕತ್ತು ಪೂರ್ತಿ ಆರಿದ ಮೇಲೆ ನಡುವೆ ಹಚ್ಚಿ.

ಕರ್ನಾಟಕ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರೋದು ಇಂಡಿಯಲ್ಲೇ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಖುಷಿಯ ವಿಷಯವೇ. ಆದರೆ ಬೇಸಿಗೆಯಲ್ಲಿ ಬಂಗಾರವಾಗುವ ಹಣ್ಣು ದರ ಬಿದ್ದಾಗ ಬಿಡಿಸುವ ಕೂಲಿಗೂ ಸಾಲದು. ಆಗ ಕಾರ್ಖಾನೆ ಬೇಕು ಅನ್ನೋ ಮಾತು ಬರುತ್ತೆ, ಎಲ್ಲರ ತಲೆಯಲ್ಲೂ ರಸದ ಬಾಟಲಿಯೇ ಇರುತ್ತೆ. ಅಗ್ಗದ ಪುಡಿಯ ಎದುರು ರಸ ಸೋತು ನೂರು ವರ್ಷವಾಯ್ತು. ಗೆಲ್ಲಬಹುದಾದದ್ದು ಹಿಂಡಿ ಬಿಸಾಡುವ ಸಿಪ್ಪೆ.

ಬಾಗೇವಾಡಿ, ಮುದ್ದೇಬಿಹಾಳದ ಯಾವುದಾದರೂ ಬೇಕರಿ 'ಇಂಡಿ ಲಿಂಬೆ ಬಿಸ್ಕತ್ತು' ಅಂತ ಡಬ್ಬಿಯ ಮೇಲೆ ಬರೆದು ಮಾರಿದರೆ ಮೊದಲ ಗಿರಾಕಿ ನಾನು. ನೀವೇನಂತೀರಿ?